ಒಗೆಯದ ಸೀರೆ

"ಬರ್ತೀಯೋ ಇಲ್ಲೋ, ಒಂದ ಮಾತ್ನಾಗ ಹೇಳು," ಎಂದು ಸೀತವ್ವ ಬೆಂಚಿನ ತುದಿಗೆ ಕೂತೇ ಕೇಳಿದಳು.

ಚಿಕ್ಕೋಡಿಯ ಮಹಿಳಾ ಆಶ್ರಯಕೇಂದ್ರದ ಜಗಲಿಯಲ್ಲಿ ಉಜ್ವಲಾ ಅತ್ತೆಯ ಎದುರು ನಿಂತಿದ್ದಳು. ಗಂಡ ದುಂಡೇಶನ ಹೊಡೆತ ತಾಳದೆ ಅಕ್ಕೋಳದ ಮನೆ ಬಿಟ್ಟು ಬಂದು ನಾಲ್ಕು ದಿನವಾಗಿತ್ತು. ಎಲ್ಲಿದ್ದೀಯೆಂದು ಯಾರಿಗೂ ಹೇಳಬೇಡವೆಂದು ಇಲ್ಲಿನ ಮೇಲ್ವಿಚಾರಕಿ ರಜಿಯಾಬಾಯಿ ಬಡಕೊಂಡಿದ್ದೇ ಬಂತು. ಎಮ್ಮೆಯ ಸಮಾಚಾರ ಕೇಳದೆ ಈ ಪುಣ್ಯಾತ್ಗಿತ್ತಿಗೆ ಅನ್ನ ಇಳಿಯಬೇಕಲ್ಲ! ತಾನೇ ಅತ್ತೆಗೆ ಫೋನು ಮಾಡಿ, ಇರುವ ಜಾಗವನ್ನೂ ಹೇಳಿಬಿಟ್ಟಿದ್ದಳು.

"ಚಂದ್ರಿ ಕೆಚ್ಚಲಾ ಕಲ್ಲಾಗೇತಿ. ಯಾರ ಕೂತ್ರೂ ಹಾಲ ಇಳಸವಲ್ದು. ನಿನ್ನೆ ಅಂವಾ ಬಡಿಗಿ ತಗೊಂಡ ಅದಕ್ಕೂ ಹೊಡದಾನ."

ಕರುವಾಗಿದ್ದಾಗ ಉಜ್ವಲಾ ತಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಎಮ್ಮೆ ಅದು. ಹೋಗಿಬಿಡಲೇ? ಹೋದರೆ ದುಂಡೇಶ ಈ ಸಲ ಜೀವಸಹಿತ ಬಿಡುವವನಲ್ಲ. ಹೋಗದಿದ್ದರೆ ಚಂದ್ರಿ ನರಳುತ್ತದೆ. ಇಲ್ಲಿಗೇ ತರೋಣವೆಂದರೆ ಹಿತ್ತಲಲ್ಲಿ ಬಟ್ಟೆ ಒಣಗಿಸಲಿಕ್ಕೂ ಜಾಗವಿಲ್ಲ.

ಒಳಗೆ ಹೋಗಿ ಗಂಟು ಬಿಚ್ಚಿ, ಮನೆ ಬಿಟ್ಟ ದಿನ ಉಟ್ಟಿದ್ದ ಸೀರೆ ತಂದಳು. ಒಗೆದಿರಲಿಲ್ಲ. ಸಗಣಿಯ, ಹಿಂಡಿಯ ವಾಸನೆ ಹಾಗೇ ಇತ್ತು. ಹೆಂಡತಿ ಊರಲ್ಲಿಲ್ಲದಾಗ, ಅವಳ ವಾಸನೆಗೆ ಹಾಲು ಇಳಿಸಲೆಂದು ಅವಳ ಸೀರೆ ಸುತ್ತಿಕೊಂಡು ಎಮ್ಮೆ ಹಿಂಡುವ ಗಂಡಸರು ಆ ಕಡೆ ಬೇಕಾದಷ್ಟು.

"ನಾ ಬರೂದಿಲ್ರಿ ಅತ್ತಿ. ಇದನ್ನ ಒಯ್ಯರಿ. ನಿಮ್ಮ ಮಗಾ ಉಟ್ಕೊಂಡ ಹಿಂಡ್ಲಿ. ಬಾಯಿ ಮಾತ್ರ ಬಿಡಬ್ಯಾಡಂತ ಹೇಳ್ರಿ. ಅವರ ದನಿ ಕೇಳಿದ್ರ ಅದು ಅಂಜತೈತಿ."

ಸೀತವ್ವ ಎಡಗೈ ಚಾಚಿದಳು. ಬಲಗೈ ಸೆರಗಿನಡಿಯಿಂದ ಹೊರಬರಲೇ ಇಲ್ಲ. ಉಜ್ವಲಾ ಸೆರಗು ಸರಿಸಿ ನೋಡಿದಳು. ಮಣಿಕಟ್ಟು ಬಾತು ನೀಲಿಗಟ್ಟಿತ್ತು.

"ಎಮ್ಮಿ ಒದೀತು," ಎಂದಳು ಮುದುಕಿ.

"ಚಂದ್ರಿ ಎಂದೂ ಒದ್ದಿಲ್ರಿ."

ಸೊಸೆಯ ಬೆನ್ನ ಮೇಲೆ ಬಾರುಕೋಲು ಬೀಳುವಾಗ ತನಗೇನೂ ಕೇಳಿಸದಂತೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಈಗ ಮುಖ ತಿರುಗಿಸಿದಳು. ಉಜ್ವಲಾಳಿಗೆ ಸಿಟ್ಟೂ ಬಂತು, ಅಯ್ಯೋ ಪಾಪವೆಂದೂ ಅನ್ನಿಸಿತು.

"ನೀವೂ ಇಲ್ಲೇ ಇರ್ರಿ," ಅಂದಳು.

ಸೀತವ್ವ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಅದರ ಮಡಿಕೆ ಸವರಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಇದನ್ನ ನಾ ಉಟ್ಕೊಂಡ ಹಗ್ಗಾ ಬಿಚ್ಚಿದ್ರ, ನನ್ನ ಹಿಂದ ಬರ್ತೈತೇನ ಅದು?"

"ಎಲ್ಲಿಗ್ರಿ?"

"ಸದಲಗಾಕ್ಕ, ನನ್ನ ತಂಗಿ ಮನಿಗೆ. ಅಂವಾ ಮುಂಜಾನೆ ಎಂಟಕ್ಕ ಹೊರಗ ಬೀಳ್ತಾನ."

ಉಜ್ವಲಾ ಅತ್ತೆಯ ಪಕ್ಕದಲ್ಲಿ ಕೂತಳು. ಸೀರೆಯ ಸೆರಗು ಹುಡುಕಿ ತೆಗೆದು, ಕೊಟ್ಟಿಗೆಗೆ ಹೋಗುವಾಗ ತಾನು ಹೊದ್ದುಕೊಳ್ಳುವಂತೆಯೇ ಮುದುಕಿಯ ತಲೆಯ ಮೇಲೆ ಹೊದಿಸಿ, ಗಲ್ಲದ ಕೆಳಗೆ ಗಂಟು ಹಾಕಿ ತೋರಿಸಿದಳು.