ಅಳತೆ ಜಂಪರ್

ನಮ್ಮ ಮನೆಯವರಿಗೆ ಮನುಷ್ಯರ ಮಾತು ನಂಬಲು ವರ್ಷಗಟ್ಟಲೆ ಬೇಕು. ಆ ಡಬ್ಬಿಯ ಮಾತು ನಂಬಲು ಒಂದು ಗಳಿಗೆ ಸಾಕಾಯಿತು. ಡಬ್ಬಿ ಎಂದರೆ, ಕೊಟ್ಟೂರಿನ ನಮ್ಮ ಬಟ್ಟೆ ಅಂಗಡಿಗೆ ಹೊಸದಾಗಿ ಹಾಕಿಸಿದ ಕ್ಯಾಮೆರಾ. ಯಾರು ಕದಿಯುತ್ತಿದ್ದಾರೆಂದು ತಾನೇ ಯೋಚಿಸಿ ಪೀಂ ಪೀಂ ಎನ್ನುತ್ತದಂತೆ. ಯೋಚಿಸುತ್ತದಂತೆ, ಅದರ ತಲೆ!

ಮೊನ್ನೆ ಮಧ್ಯಾಹ್ನ ನಾನು ಬುತ್ತಿ ಒಯ್ದಾಗ ಅದು ಬಾಯಿ ಬಡಕೊಳ್ಳುತ್ತಿತ್ತು. ಗಲ್ಲಾದ ಮುಂದೆ ಬುರ್ಖಾ ತೊಟ್ಟ ಅಜೀಜಬಿ ನಿಂತಿದ್ದಳು. ನನ್ನ ಮದುವೆಯಾದಾಗಿನಿಂದ ನನ್ನ ಜಂಪರ್ ಹೊಲಿಯುವವಳು ಆಕೆಯೇ. ಬೇರೆಯವರು ಹೊಲಿದರೆ ನನಗೆ ತೋಳು ಕೂಡುವುದೇ ಇಲ್ಲ. ನಮ್ಮ ಯಜಮಾನರು ಪಾಲಾಕ್ಷಪ್ಪನವರು ಆಕೆಯ ಚೀಲವನ್ನು ಎಲ್ಲ ಗಿರಾಕಿಗಳ ಮುಂದೆ ಬೋರಲು ಹಾಕಿದ್ದರು. ಕತ್ತರಿ, ಟೇಪು, ಕನ್ನಡಕ, ಜೊತೆಗೆ ನಾನು ಎಂದೋ ಅಳತೆಗೆಂದು ಕೊಟ್ಟ ಹಳೆಯ ಜಂಪರ್.

"ಚೀಲದಾಗ ಬಟ್ಟಿ ತುರುಕಿದ್ದು ಮಷಿನ್ ನೋಡೈತಿ. ಇದು ಎಲ್ಲಿಂದ ಬಂತು?" ಎಂದು ನೇರಳೆ ಬಣ್ಣದ ತುಂಡೊಂದನ್ನು ಎತ್ತಿ ಹಿಡಿದರು.

"ಮನಿಯಿಂದ ತಂದಿದ್ರಿ ಅಣ್ಣಾರ. ಲೈನಿಂಗಿಗೆ ಬಣ್ಣ ಕೂಡಿಸಿ ನೋಡಿ ವಾಪಸ್ ಇಟ್ಕೊಂಡೆ."

ತುಂಡು ತಾರದೆ ಲೈನಿಂಗ್ ಬಟ್ಟೆ ಕೊಳ್ಳಲು ಯಾರು ಬರುತ್ತಾರೆ? ತುಂಡನ್ನು ಬೆಳಕಿಗೆ ಹಿಡಿಯುವುದು, ಬಣ್ಣ ಕೂಡಿಸುವುದು, ಮತ್ತೆ ಚೀಲಕ್ಕೆ ಹಾಕುವುದು. ಹೊಟ್ಟೆಯಲ್ಲಿರುವ ಕೂಸಿಗೂ ಗೊತ್ತು. ಡಬ್ಬಿಗೆ ಗೊತ್ತಿಲ್ಲ, ಬಿಡಿ. ಅಪ್ಪನ ಕಾಲದಿಂದ ಬಟ್ಟೆ ಮಾರುವವರಿಗೆ?

"ರೀ, ಅದು ನಂದು. ನೀವ ತಂದ ಸೀರಿದು. ನಾನ ಆಕಿಗೆ ಹೊಲಿಯಾಕ ಕೊಟ್ಟೀನಿ" ಎಂದೆ.

ಅವರ ಮುಖ ಇಂಗು ತಿಂದ ಮಂಗನಂತಾಯಿತು. "ಮಷಿನ್ ತಪ್ಪು ಮಾಡೈತಿ. ಕಂಪನಿಯವರಿಗೆ ಹೇಳ್ತೀನಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಕಪಾಟಿನಿಂದ ಎರಡು ಜಂಪರ್ ಪೀಸ್ ಎಳೆದು, ಡಬ್ಬಿಯ ಕಣ್ಣೆದುರೇ ಸೆರಗಿನೊಳಗೆ ತುರುಕಿಕೊಂಡು ಬಾಗಿಲ ತನಕ ಹೋಗಿ ಬಂದೆ. ಅದು ಉಸಿರೆತ್ತಲಿಲ್ಲ.

"ಈಗ ಯಾಕ ಕೂಗಲಿಲ್ಲ?"

ಅವರು ನೆಲ ನೋಡಿದರು. "ಹಾಕೋ ದಿನ ಕಂಪನಿಯವರು ಕೇಳಿದ್ರು, ಯಾರ ಮ್ಯಾಲ ಅನುಮಾನ ಜಾಸ್ತಿ ಅಂತ. ಬುರ್ಖಾದವರ ಮ್ಯಾಲ ಅಂತ ನಾನ... ಸುಮ್ನ ಅಂದಿದ್ದೆ."

ಸುಮ್ಮನೆ!

"ಹಂಗಂದ್ರ ಮಷಿನ್ ತಪ್ಪು ಮಾಡಿಲ್ರಿ. ನೀವು ಕಲಿಸಿದ್ದು ಒಪ್ಪಿಸೈತಿ. ಅದಕ್ಕಂತೂ ನಾಚಿಕಿ ಇಲ್ಲ, ನಿಮಗೂ ಇಲ್ಲೇನು? ಚೀಲ ಬೋರಲ ಹಾಕಿದ ಕೈ ಯಾರ್ದು? ಎಲ್ಲರ ಮುಂದ ಕಳ್ಳಿ ಮಾಡಿದ್ರಿ, ಎಲ್ಲರ ಮುಂದ ತಪ್ಪಾತು ಅನ್ರಿ!"

ಅಂದರು, ಗಲ್ಲಾದ ಕಡೆ ನೋಡುತ್ತಾ. ಡಬ್ಬಿ ತೆಗೆಸುತ್ತೇನೆಂದೂ ಹೇಳಿದರು.

"ಡಬ್ಬಿ ತೆಗದ್ರ ಏನಾತ್ರಿ ಅಣ್ಣಾರ? ಅದಕ್ಕ ಹೇಳಿಕೊಟ್ಟ ನೀವು ಇಲ್ಲೇ ಅದೀರಲ್ಲ" ಎಂದಳು ಅಜೀಜಬಿ. ಸಾಮಾನೆಲ್ಲ ಚೀಲಕ್ಕೆ ತುಂಬಿಕೊಂಡಳು. ನೇರಳೆ ತುಂಡನ್ನೂ ಅಳತೆ ಜಂಪರನ್ನೂ ಮಾತ್ರ ಮಡಚಿ ನನ್ನ ಕೈಗಿಟ್ಟಳು.

"ಅಜೀಜಬಿ, ನಾನೇನು ಮಾಡೀನಿ?"

"ನೀವೇನೂ ಮಾಡಿಲ್ರಿ ಅಕ್ಕಾರ. ಆದ್ರ ನಾಳಿ ನಿಮ್ಮ ಮನ್ಯಾಗ ಏನರ ಕಳೀತಂದ್ರ, ಮೊದ್ಲ ನನ್ನ ಹೆಸರ ಬರತೈತಿ."

ಆಕೆ ಬಾಗಿಲು ದಾಟುವಾಗ ಡಬ್ಬಿ ಮತ್ತೆ ಪೀಂ ಎಂದಿತು. ಆಕೆ ನಿಂತಳು, ತಿರುಗಿದಳು, ಚೀಲದ ಬಾಯಿ ಅಗಲಿಸಿ ನಮ್ಮವರಿಗೆ ತೋರಿಸಿದಳು. ಆಮೇಲೆ ಹೋದಳು.

ಬುತ್ತಿಯ ಗಂಟು ನಾನು ಬಿಚ್ಚಲಿಲ್ಲ, ಮನೆಗೆ ವಾಪಸ್ ತಂದೆ. ಬೇಕಾದರೆ ಆ ಡಬ್ಬಿಯೇ ಅವರಿಗೆ ಉಣ್ಣಲು ಇಕ್ಕಲಿ.