ಸಾಹುಕಾರನ ತಂಗಿಯರು

"ಬರಿಗೈಲಿ ಎತ್ತೇ, ನಿನ್ನ ಕೈಗೇನು ರೋಗ?" ಎಂದ ಸಾಹುಕಾರ.

ಬೇಕರಿಯ ಒಲೆಯಿಂದ ಬನ್ನಿನ ಟ್ರೇ ಎಳೆದೆ. ನನ್ನ ಎಡಗೈಗೆ ಬಿಸಿಯೇ ಗೊತ್ತಾಗದೆ ತಿಂಗಳುಗಳಾಗಿದ್ದವು. ಗಿರಾಕಿಗಳಿಗೆ ಅದನ್ನು ತೋರಿಸಿ ನಗಿಸುವುದು ಸಾಹುಕಾರನ ಚಟ. ಅವತ್ತು ಸುಟ್ಟ ವಾಸನೆ ಬಂತು. ನೋಡಿದರೆ ಬನ್ ಚೆನ್ನಾಗಿಯೇ ಇತ್ತು, ಸುಟ್ಟಿದ್ದು ನನ್ನ ಬೆರಳು.

ಆಸ್ಪತ್ರೆಯಲ್ಲಿ ತೋಳಿನ ಮಾಸಲು ಮಚ್ಚೆ ನೋಡಿ, ಕಿವಿಯ ಹಾಲೆ ಕೆರೆದು ಸೂಕ್ಷ್ಮದರ್ಶಕದಲ್ಲಿ ಹುಡುಕಿದರು. ಏನೂ ಕಾಣಲಿಲ್ಲ.

"ನೋಡ್ದ್ಯಾ, ಕೆಲಸಗಳ್ಳಿ. ಬರೀ ನಾಟಕ," ಎಂದು ಸಾಹುಕಾರ ಮತ್ತೆ ಒಲೆಯ ಮುಂದೆ ನಿಲ್ಲಿಸಿದ.

ಆಸ್ಪತ್ರೆಯ ನರ್ಸಮ್ಮ ಬಿಡುವ ಹೆಂಗಸಲ್ಲ. ಮಚ್ಚೆಯಿಂದ ಚೂರು ಚರ್ಮ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದಳು. "ರೋಗಾಣು ಕಣ್ಣಿಗೆ ಕಾಣದಷ್ಟು ಕಮ್ಮಿ ಇದ್ರೂ ಪಿಸಿಆರ್ ಪರೀಕ್ಷೆ ಅದರ ಡಿಎನ್‌ಎ ಹಿಡಿಯತ್ತೆ ಕಣಮ್ಮ."

ಹಿಡಿಯಿತು. ಕುಷ್ಠ, ಮೊದಲ ಹಂತ. ಬೆರಳು ಮುರುಟುವ ಮುಂಚೆಯೇ ಸಿಕ್ಕಿದೆ, ಮಾತ್ರೆ ನುಂಗಿದರೆ ವಾಸಿ, ಕೆಲಸ ಬಿಡಬೇಕಿಲ್ಲ ಎಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೊಟ್ಟೆತುಂಬ ಅತ್ತೆ. ಆಮೇಲೆ ಬೇಕರಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಕುಷ್ಠ ಹಿಡ್ಕೊಂಡು ನನ್ನ ಬನ್ ಮುಟ್ತೀಯೇನೇ ಮುಂಡೆ? ನಡಿ ಆಚೆ."

ನಿನ್ನೆಯವರೆಗೆ ನಾಟಕವಾಗಿದ್ದದ್ದು ಇವತ್ತು ಕುಷ್ಠವಾಗಿತ್ತು. ಬಟ್ಟೆಯ ಗಂಟು ಕಟ್ಟುತ್ತಿರುವಾಗಲೇ ನರ್ಸಮ್ಮ ಪುಸ್ತಕ ಹಿಡಿದು ಬಂದಳು. "ನಿನ್ನ ಜೊತೆ ಇರೋ ಮನೆಯವರನ್ನೆಲ್ಲ ಪರೀಕ್ಷೆ ಮಾಡ್ಬೇಕು. ಯಾರ್ಯಾರಿದ್ದಾರೆ?"

ನನಗಿದ್ದವರು ಹಿಂದಿನ ಕೋಣೆಯಲ್ಲಿ ಒತ್ತಿಕೊಂಡು ಮಲಗುವ ಆರು ಹೆಂಗಸರು, ಅಷ್ಟೇ. ಆಗ ಗೋಡೆಯ ಮೇಲಿನ ಚೌಕಟ್ಟಿನ ಕಾಗದ ಕಣ್ಣಿಗೆ ಬಿತ್ತು. ಕಾರ್ಮಿಕ ಇಲಾಖೆಯವರು ಕೂಲಿಯ ಲೆಕ್ಕ ಕೇಳಲು ಬಂದಾಗ "ಇಲ್ಲಿ ಕೆಲಸದವರೇ ಇಲ್ಲ ಸ್ವಾಮಿ, ಎಲ್ಲ ನನ್ನ ತಂಗೀರು" ಎಂದು ಹಲ್ಲುಗಿಂಜಿ ಸಾಹುಕಾರ ಬರೆಸಿಕೊಂಡ ಕಾಗದ. ಅದರಲ್ಲಿ ನನ್ನದೇ ಮೊದಲ ಹೆಸರು.

"ಇವರು ನಮ್ಮಣ್ಣ," ಎಂದೆ. "ಬೇಕಾದ್ರೆ ಓದಿ, ಸರ್ಕಾರದ ಮೊಹರೇ ಇದೆ."

"ಯಾವನೇ ನಿನ್ನಣ್ಣ?"

"ಹಂಗಾದ್ರೆ ಕೆಲಸದವಳು ಅಂತ ಬರ್ಕೊಡಣ್ಣ. ನರ್ಸಮ್ಮನೇ ಸಾಕ್ಷಿ."

"ನಮಗೂ ಬರ್ಕೊಡಣ್ಣ," ಎಂದಳು ಹಿಟ್ಟು ನಾದುವವಳು. ಅವಳ ಹಿಂದೆ ಉಳಿದ ಐವರೂ ಕೈತುಂಬ ಹಿಟ್ಟು ಮೆತ್ತಿಕೊಂಡು ಬಂದು ನಿಂತಿದ್ದರು.

ಸಾಹುಕಾರ ಕಾಗದ ನೋಡಿದ, ನಮ್ಮನ್ನು ನೋಡಿದ, ಬೆಂಚಿನ ಮೇಲೆ ಕುಕ್ಕರಿಸಿದ. ನಾನು ಗಂಟು ಬಿಚ್ಚಿ ಅವನ ಪಕ್ಕದಲ್ಲೇ ಕೂತೆ.

"ನರ್ಸಮ್ಮನ ಪರೀಕ್ಷೆಗೆ ಕಿವಿ ಕೊಡಣ್ಣ," ಎಂದೆ. "ಸ್ವಲ್ಪ ಉರಿಯತ್ತೆ. ಉರಿದ್ರೆ ಪುಣ್ಯ ಅಂದ್ಕೋ."