ನೆಲದ ಮೇಲೆ ಇಬ್ಬರು

ರೋಮಿನ ಸುಬುರಾ ಬೀದಿಯ ನಮ್ಮ ವಠಾರದಲ್ಲಿ ಮೂರನೇ ಮಹಡಿಯ ಹಿಸ್ಪುಲ್ಲಜ್ಜಿ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಬೀದಿ ತೊಟ್ಟಿಯಿಂದ ನೀರು ಹೊತ್ತು ಮೆಟ್ಟಿಲು ಹತ್ತುವಾಗಲೂ ಗಂಡನನ್ನು ಬೈಯುತ್ತಲೇ ಹತ್ತುತ್ತಿದ್ದರು. "ಊರಿಗೆಲ್ಲ ನೀರು ತರೋ ಕಮಾನು ಕಾಲುವೆ ಕಟ್ಟಿದ ಮೇಸ್ತ್ರಿ, ಮನೆಗೆ ಒಂದು ಕೊಡ ತರಲ್ಲ!" ಮೇಸ್ತ್ರಿ ವೋಲುಸಿಯಸ್ ಕೇಳಿಸದವರಂತೆ ಗೋಧಿ ಗಂಜಿ ಸೊರ್ರನೆ ಹೀರುತ್ತಿದ್ದರು.

ಒಂದು ಬೆಳಗ್ಗೆ ಅವರ ಸೊಸೆ ಫಾಡಿಲ್ಲಾಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ ನಾನೇ. ಮೂರನೆಯದೂ ಹೆಣ್ಣು. ಮುದ್ದಾದ ಕೂಸು, ಗಂಟಲಂತೂ ಅಜ್ಜಿಯದೇ. ಪದ್ಧತಿಯಂತೆ ನೆಲದ ಮೇಲೆ ಮಲಗಿಸಿದೆ. ಮನೆಯ ಯಜಮಾನ ಎತ್ತಿಕೊಂಡರೆ ಮಗು ಮನೆಯದು. ಎತ್ತದಿದ್ದರೆ ಬೀದಿಯ ಕಸದ ಗುಂಡಿಗೆ. ಈ ಕೈಯಿಂದಲೇ ಎಷ್ಟು ಕೂಸುಗಳನ್ನು ಹಾಗೆ ಮಲಗಿಸಿದ್ದೆನೋ!

ಮೇಸ್ತ್ರಿ ಕೈ ಕಟ್ಟಿ ನಿಂತುಬಿಟ್ಟರು. "ಎರಡು ಸಾಕಿದ್ದೇ ಹೆಚ್ಚು. ಸರ್ಕಾರ ಧಾನ್ಯ ಕೊಡೋದು ಗಂಡಸರಿಗೆ. ಇದಕ್ಕೆ ಯಾರು ಕೊಡ್ತಾರೆ?"

"ನಾನು ದುಡೀತೀನಲ್ಲಪ್ಪಾ," ಎಂದ ಮಗ.

"ನಿನ್ನನ್ನ ಯಾರೋ ಕೇಳಿದ್ರು? ನಾನಿರೋವರೆಗೂ ಈ ಮನೇಲಿ ನನ್ನ ಮಾತೇ ಕಾನೂನು. ನಮ್ಮಪ್ಪ, ನಮ್ಮ ತಾತ ಮಾಡಿದ್ದೂ ಇದನ್ನೇ."

ಫಾಡಿಲ್ಲಾ ಗೋಡೆಗೆ ಮುಖ ತಿರುಗಿಸಿ ಅಳತೊಡಗಿದಳು. ಅಜ್ಜಿ ಆಗಷ್ಟೇ ಹೊತ್ತು ತಂದ ಕೊಡ ಇಳಿಸಿ, ಮಂಡಿ ಹಿಡಿದುಕೊಂಡು ಕೂತು, ಮಗುವಿನ ಪಕ್ಕದಲ್ಲೇ ಉದ್ದಕ್ಕೆ ಮಲಗಿಬಿಟ್ಟರು.

"ಅಯ್ಯೋ, ಇದೇನೇ ನಿನ್ನ ಅವತಾರ? ಏಳೇ!"

"ಏಳಲ್ಲ ಹೋಗ್ರೀ. ನಮ್ಮಪ್ಪನಿಗೆ ನಾನೂ ಮೂರನೇ ಹೆಣ್ಣೇ. ಅವನು ಎತ್ತಿಕೊಳ್ಳದೇ ಹೋಗಿದ್ರೆ ನಲವತ್ತು ವರ್ಷ ನಿಮಗೆ ಗಂಜಿ ಕಾಯಿಸ್ತಿದ್ದೋರು ಯಾರು? ಎತ್ತೋದಾದ್ರೆ ಇಬ್ಬರನ್ನೂ ಎತ್ತಿ. ಎಸೆಯೋದಾದ್ರೆ ಇಬ್ಬರನ್ನೂ ಎಸೀರಿ."

"ನಿನ್ನನ್ನ ಎತ್ತೋಕೆ ರಾಟೆ ಬೇಕು ಕಣೇ!"

"ಹಾಗಾದ್ರೆ ಹಗುರವಾದದ್ದರಿಂದ ಶುರು ಮಾಡಿ."

ಬಾಗಿಲಲ್ಲಿ ನೆರೆದಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಮೇಸ್ತ್ರಿ ಕಟ್ಟಿದ್ದ ಕೈ ಬಿಚ್ಚಿದರು. ಆಮೇಲೆ ನಿಧಾನಕ್ಕೆ ಬಗ್ಗಿ ಮಗುವನ್ನು ಎತ್ತಿಕೊಂಡರು. ಅದು ಕಿವಿ ಕಿತ್ತುಹೋಗುವಂತೆ ಕಿರುಚಿತು.

"ಅಯ್ಯೋ ದೇವರೇ, ಇನ್ನು ಈ ಮನೇಲಿ ಇಂಥವು ಎರಡು ಬಾಯಿ!" ಎಂದರು. ಕಣ್ಣು ಮಾತ್ರ ಒದ್ದೆಯಾಗಿತ್ತು. ಅಜ್ಜಿಯನ್ನು ಎಬ್ಬಿಸಲು ಮೂವರು ಬೇಕಾಯಿತು.

ಅಂದಿನಿಂದ ನಾನು ಯಾವ ಕೂಸನ್ನೂ ನೆಲಕ್ಕಿಟ್ಟಿಲ್ಲ. ಒರೆಸಿ, ನೇರವಾಗಿ ಯಜಮಾನನ ಕೈಗೇ ಕೊಡುತ್ತೇನೆ. ಪದ್ಧತಿ ಬಿಟ್ಟೆ ಎಂದು ಹಿರಿಯರು ಗದರುತ್ತಾರೆ. "ನೆಲ ತಣ್ಣಗಿದೆ ಯಜಮಾನ್ರೇ. ಬೇಡವಾದ್ರೆ ನೀವೇ ನಿಮ್ಮ ಕೈಯಾರೆ ಕೆಳಗಿಡಿ," ಎನ್ನುತ್ತೇನೆ.

ಇದುವರೆಗೆ ಯಾರೂ ಇಟ್ಟಿಲ್ಲ.